ಮತ್ತು ಅವರ ಶ್ರೀಮತಿ

ಅರೇಹಳ್ಳಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೂತರೆ ಒಂದು ಹಳೆಯ ಟಿವಿಎಸ್ ಗಾಡಿ ಹಾದುಹೋಗುವುದು ಕಾಣುತ್ತದೆ. ಓಡಿಸುವವರ ಕಾಲ ಬಳಿ ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆ. ಹಿಂದೆ ಕೂತವರ ತೊಡೆಯ ಮೇಲೆ ರೆಕ್ಸಿನ್ ಬ್ಯಾಗು. ಅದರೊಳಗೆ ಬೈಬಲ್ಲು, ಹಾಡಿನ ಪುಸ್ತಕ, ಒಂದು ದಮ್ಮಡಿ, ಜ್ವರದ ಮಾತ್ರೆ, ಮಧ್ಯಾಹ್ನದ ಬುತ್ತಿ. ಮಳೆಗಾಲವಾದರೆ ಇಷ್ಟಕ್ಕೂ ಒಂದು ಪ್ಲಾಸ್ಟಿಕ್ ಹೊದಿಕೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಹೋಟೆಲಿನಲ್ಲಿ ಯಾರೋ ಒಬ್ಬರು ಹೇಳುತ್ತಾರೆ: ‘ಫಾದರ್ರು ಹೊಂಟ್ರು.’

ಅವರು ಫಾದರ್ ಅಲ್ಲ. ಕ್ಯಾಥೊಲಿಕ್ ಪಾದ್ರಿಗಳು ಮದುವೆಯಾಗುವುದಿಲ್ಲ, ಇವರಿಗೆ ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ. ಇವರು ಯಾವ ದೊಡ್ಡ ಸಭೆಯ ಸಂಬಳವೂ ಇಲ್ಲದೆ ಎಸ್ಟೇಟಿನಿಂದ ಎಸ್ಟೇಟಿಗೆ, ಲೈನ್ ಮನೆಯಿಂದ ಲೈನ್ ಮನೆಗೆ ಸುತ್ತುವ ಪಾಸ್ಟರ್. ಹೋಟೆಲಿನವರು ಪದ ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಗಾಡಿಯ ಮೇಲೆ ಇಬ್ಬರಿದ್ದರು, ಕಂಡದ್ದು ಒಬ್ಬರೇ. ತಕರಾರು ಇರುವುದು ಅಲ್ಲಿ.

ಹೋಟೆಲಿನ ಗಿರಾಕಿಗಳನ್ನು ಕ್ಷಮಿಸಬಹುದು. ಅವರು ಇಡ್ಲಿ ತಿನ್ನಲು ಬಂದವರು, ಇತಿಹಾಸ ಬರೆಯಲು ಬಂದವರಲ್ಲ. ಇತಿಹಾಸ ಬರೆಯಲೆಂದೇ ಕೂತಿರುವ ನಾವು, ಅಂದರೆ ಕನ್ನಡ ವಿಭಾಗಗಳ ಅಧ್ಯಾಪಕರು, ಸಂಶೋಧಕರು, ವಿಚಾರ ಸಂಕಿರಣದಲ್ಲಿ ಶಾಲು ಹೊದೆಸಿಕೊಳ್ಳುವವರು, ಇದೇ ಹೋಟೆಲಿನ ಕಣ್ಣಿನಿಂದ ನೋಡುತ್ತಿರುವುದಕ್ಕೆ ಕ್ಷಮೆ ಇದೆಯೇ?

‘ಕನ್ನಡಕ್ಕೆ ಮಿಶನರಿಗಳ ಕೊಡುಗೆ’ ಎಂಬ ಪ್ರಬಂಧ ನಿಮಗೆ ಗೊತ್ತಿರುತ್ತದೆ. ಎಂ.ಎ. ಮಾಡಿದವರೆಲ್ಲ ಒಮ್ಮೆಯಾದರೂ ಬರೆದಿರುತ್ತೀರಿ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು; 1843ರಲ್ಲಿ ಮ್ಯೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು; ಬಳ್ಳಾರಿಯಲ್ಲಿ ಹ್ಯಾಂಡ್ಸ್ ಬೈಬಲ್ ಅನುವಾದಿಸಿದರು; ರೀವ್ 1832ರಲ್ಲಿ ನಿಘಂಟು ಮಾಡಿದರು; ಕಿಟೆಲ್ 1894ರಲ್ಲಿ ಅದಕ್ಕಿಂತ ದೊಡ್ಡದನ್ನು ಮಾಡಿದರು. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಗಂಡಸರ ಹೆಸರು, ಇಸವಿ, ಪುಸ್ತಕ. ಈ ಗಂಡಸರು ಗಾಳಿಯಲ್ಲಿ ಬಂದು, ಗಾಳಿ ಉಂಡು, ಅಚ್ಚುಮೊಳೆ ಜೋಡಿಸಿ ಹೋದರು ಅನ್ನುವ ಹಾಗೆ.

ಮಿಶನರಿ ದಂಪತಿಗಳ ಪ್ರವಾಸ ಪತ್ರಗಳ ಬಗ್ಗೆ ಕೆಲಸ ಮಾಡುತ್ತೇನೆ ಎಂದು ನಾನು ನೋಂದಣಿಯ ಸಮಯದಲ್ಲಿ ಹೇಳಿದಾಗ ಸಮಿತಿಯ ಹಿರಿಯರೊಬ್ಬರು ಸೌಮ್ಯವಾಗಿಯೇ ಕೇಳಿದರು: ‘ಹೆಂಗಸರ ಕಾಗದ ಪತ್ರದಲ್ಲಿ ಸಾಹಿತ್ಯ ಎಲ್ಲಿ ಬಂತಮ್ಮ? ಗಂಡನ ಕೆಲಸ ತಗೋ, ಬೇಕಾದ್ರೆ ಒಂದು ಅಧ್ಯಾಯ ಅವರಿಗೆ ಕೊಡು.’ ಮತ್ತೊಬ್ಬರು ಇನ್ನೂ ನೇರ. ‘ಈ ಕಾಲದಲ್ಲಿ ಈ ವಿಷಯ ಯಾಕೆ? ನಾಳೆ ಕೆಲಸ ಸಿಗೋದು ಬೇಡ್ವಾ?’ ಎರಡನೆಯವರು ನನ್ನ ಒಳಿತಿಗೇ ಹೇಳಿದ್ದು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಈ ಎರಡು ಮಾತು ಸೇರಿದರೆ ಒಂದು ಪೂರ್ತಿ ಜನಸಮುದಾಯವನ್ನು ಅಳಿಸಲು ಸಾಕು. ಒಂದು ಮಾತು ಅವರನ್ನು ಕ್ಷುಲ್ಲಕ ಮಾಡುತ್ತದೆ, ಇನ್ನೊಂದು ಅಪಾಯಕಾರಿ ಮಾಡುತ್ತದೆ.

ಕಿಟೆಲ್ಲರಿಂದಲೇ ಶುರು ಮಾಡೋಣ, ಅವರನ್ನು ಬಿಟ್ಟರೆ ನಮಗೆ ಯಾವ ಮಿಶನರಿಯ ಮುಖವೂ ನೆನಪಿಗೆ ಬರುವುದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಆಸ್ಟಿನ್ ಟೌನಿಗೆ ಕಿಟೆಲ್ ನಗರ ಎಂದು ಹೆಸರಿಟ್ಟಿದ್ದೇವೆ. ಅವರು ನಿಘಂಟಿಗಾಗಿ ಕಳೆದ ವರ್ಷಗಳ ಲೆಕ್ಕ ನಮಗೆ ಬಾಯಿಪಾಠ. ಅವರು 1860ರಲ್ಲಿ ಪೌಲಿನೆ ಐಟ್ ಎಂಬಾಕೆಯನ್ನು ಮದುವೆಯಾದರು. ನಾಲ್ಕು ವರ್ಷದಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಕಿಟೆಲ್ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ಅಕ್ಕ ಮಣ್ಣಾದ ದೇಶಕ್ಕೆ, ಅಕ್ಕನ ಗಂಡನ ಮನೆಗೆ, ಅಕ್ಕ ಬಿಟ್ಟುಹೋದ ಸಂಸಾರಕ್ಕೆ ತಂಗಿ ಹಡಗು ಹತ್ತಿ ಬಂದಳು. ನಮ್ಮ ಕಡೆ ಇಂಥ ಮದುವೆಗಳು ಹೊಸತಲ್ಲ. ಅಕ್ಕ ಸತ್ತರೆ ತಂಗಿಯನ್ನು ಕೊಡುವ ಪದ್ಧತಿ ನಮ್ಮೂರಲ್ಲೇ ನಾಲ್ಕು ಮನೆಯಲ್ಲಿ ಸಿಗುತ್ತದೆ, ಆ ತಂಗಿಯರ ಕಥೆಯನ್ನು ಬರೆದ ಕನ್ನಡ ಕಾದಂಬರಿಗಳೂ ಇವೆ. ಅದೇ ಕಥೆ ನಿಘಂಟಿನ ಹಿಂದೆ ನಡೆದಾಗ ಮಾತ್ರ ನಮ್ಮ ಸಂಶೋಧನೆಯ ಕುತೂಹಲಕ್ಕೆ ನಿದ್ದೆ ಬರುತ್ತದೆ.

ಬಾಸೆಲ್ ಮಿಶನ್ನಿನ ಮದುವೆಗಳ ಪದ್ಧತಿಯೇ ವಿಚಿತ್ರ. ಮಿಶನರಿ ಬ್ರಹ್ಮಚಾರಿಯಾಗಿ ಹೊರಡಬೇಕು. ಕನಿಷ್ಠ ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದು. ಅಪ್ಪಣೆ ಕೊಡುವುದು ಬಾಸೆಲ್ಲಿನ ಕಮಿಟಿ. ವಧುವನ್ನು ಹುಡುಕುವುದರಲ್ಲೂ ಕಮಿಟಿಗೆ ಕೈ ಇರುತ್ತಿತ್ತು. ಬಹಳಷ್ಟು ವಧುಗಳು ವ್ಯೂರ್ಟೆಂಬೆರ್ಗ್ ಸೀಮೆಯ ಭಕ್ತ ಕುಟುಂಬಗಳವರು. ವರನನ್ನು ಒಮ್ಮೆಯೂ ನೋಡದೆ, ಒಂದೆರಡು ಕಾಗದ ಓದಿ, ಕೆಲವೊಮ್ಮೆ ಒಂದು ಫೋಟೊ ನೋಡಿ, ‘ಹೂಂ’ ಎಂದು ಸಮುದ್ರ ದಾಟಿದವರು. ಡಾಗ್ಮಾರ್ ಕೊನ್ರಾಡ್ ಎಂಬ ಜರ್ಮನ್ ಸಂಶೋಧಕಿ ಈ ವಧುಗಳ ಕಾಗದ, ದಿನಚರಿಗಳನ್ನು ಇಟ್ಟುಕೊಂಡು 2001ರಲ್ಲಿಯೇ ಒಂದು ಇಡೀ ಪುಸ್ತಕ ಬರೆದರು. ಆ ಹೆಂಗಸರಲ್ಲಿ ಎಷ್ಟೋ ಜನ ಇಳಿದ ದಡ ಮಂಗಳೂರಿನದು, ಕಲಿತ ಭಾಷೆ ಕನ್ನಡ, ತುಳು. ಅವರ ಬಗ್ಗೆ ಕೇಳಬೇಕಾದವರು ನಾವು. ಕೇಳಿದವರು ಜರ್ಮನರು.

ಇನ್ನು ಮ್ಯೋಗ್ಲಿಂಗ್. ಅವರು ಮದುವೆಯಾದದ್ದು ತೀರಿಕೊಂಡ ಗೆಳೆಯ ವೈಗ್ಲೆಯ ವಿಧವೆಯನ್ನು. ವೈಗ್ಲೆ ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ಜೀವ ತೇದವರು. ಒಬ್ಬ ಕನ್ನಡ ವಿದ್ವಾಂಸನನ್ನು ಮಣ್ಣು ಮಾಡಿ ಇನ್ನೊಬ್ಬ ಕನ್ನಡ ವಿದ್ವಾಂಸನ ಜೊತೆ ಬದುಕಿದ ಆ ಹೆಂಗಸಿಗೆ ಕನ್ನಡ ಎಷ್ಟು ಬರುತ್ತಿತ್ತು? ಅಚ್ಚಿನ ಕರಡನ್ನು ಆಕೆ ಓದುತ್ತಿದ್ದಳೇ? ಊಹಿಸಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆಯನ್ನಾದರೂ ಕೇಳಿ ಎನ್ನುತ್ತಿದ್ದೇನೆ. ಸುಮಾರು 70 ಸಾವಿರ ಪದಗಳಿರುವ ಕಿಟೆಲ್ ನಿಘಂಟಿನಲ್ಲಿ ಒಲೆ, ಒನಕೆ, ಬಾಣಂತಿ, ತೊಟ್ಟಿಲುಗಳ ಸುತ್ತಿನ ಮಾತುಗಳು ಯಾರ ಬಾಯಿಂದ ಯಾರ ಕಿವಿ ದಾಟಿ ಬಂದವು ಎಂದು ನಾನು ಕೂತ ಯಾವ ತರಗತಿಯಲ್ಲೂ ಯಾರೂ ಕೇಳಲಿಲ್ಲ. ಪಂಡಿತರ ಹೆಸರು ಕೇಳಿದ್ದೇವೆ, ಹಸ್ತಪ್ರತಿಗಳ ಪಟ್ಟಿ ಕೇಳಿದ್ದೇವೆ. ಆ ಕಾಲದ ಬಿಳಿಯ ಗಂಡಸು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ ಎನ್ನುವುದಂತೂ ಎಲ್ಲರಿಗೂ ಗೊತ್ತು.

ಮಕ್ಕಳ ವಿಷಯ ನೆನೆದರೆ ನನಗೆ ಈ ಇಡೀ ‘ಕೊಡುಗೆ’ಯ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಸೆಲ್ ಮಿಶನ್ನಿನವರು ತಮ್ಮ ಮಕ್ಕಳನ್ನು ಆರೇಳು ವರ್ಷಕ್ಕೆಲ್ಲ ಯುರೋಪಿಗೆ ಕಳಿಸಬೇಕಿತ್ತು. ಬಾಸೆಲ್ಲಿನಲ್ಲಿ ಅದಕ್ಕೆಂದೇ ಮಕ್ಕಳ ಮನೆ ಕಟ್ಟಿದ್ದರು. ತಾಯಿ ಇಲ್ಲಿ ಪರರ ಮಕ್ಕಳಿಗೆ ಅ ಆ ಕಲಿಸಬೇಕು, ಹೆತ್ತ ಮಕ್ಕಳು ಅಲ್ಲಿ ಪರರ ಕೈಯಲ್ಲಿ ಬೆಳೆಯಬೇಕು. ಹೆರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಓದಿ ಮೈಮರೆತವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಆತನ ತಾಯಿ ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಅಪ್ಪ ಮಲಯಾಳದ ನಿಘಂಟುಕಾರ ಗುಂಡರ್ಟ್. ಅಮ್ಮ ಯೂಲಿ ದ್ಯುಬ್ವಾ, ಫ್ರೆಂಚ್ ಮಾತಾಡುವ ಸ್ವಿಸ್ ಹೆಂಗಸು, ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. 1846ರಲ್ಲಿ ಅಪ್ಪ ಅಮ್ಮ ನಾಲ್ಕು ವರ್ಷದ ಮರೀಯನ್ನು ಯುರೋಪಿನಲ್ಲಿ ಬಿಟ್ಟು ಹಡಗು ಹತ್ತಿದರು. ಅವಳು ಮತ್ತೆ ಇಂಡಿಯಾಕ್ಕೆ ಬಂದದ್ದು 1857ರಲ್ಲಿ, ಹದಿನೈದು ವಯಸ್ಸಿನಲ್ಲಿ. ನಡುವಿನ ಹನ್ನೊಂದು ವರ್ಷ ಯಾರ ಕೊಡುಗೆಯ ಲೆಕ್ಕಕ್ಕೆ ಸೇರುತ್ತದೆ?

ಗುಂಡರ್ಟ್ ಮಲಯಾಳದವರು, ನಮಗೇಕೆ ಎನ್ನುವವರಿಗೆ ನಮ್ಮ ಹಾಸನಕ್ಕೇ ಸಂಬಂಧಪಟ್ಟ ಉದಾಹರಣೆ ಕೊಡುತ್ತೇನೆ. ಬೇಲೂರು, ಅರಸೀಕೆರೆ, ಹಳೇಬೀಡಿನ ಶಾಸನಗಳನ್ನು ನಾವು ಓದುವುದು ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ, 1902ರಲ್ಲಿ ಬಂದದ್ದು. ಸುಮಾರು 9 ಸಾವಿರ ಶಾಸನಗಳನ್ನು ಓದಿಸಿ ಅಚ್ಚಿಗೆ ತಂದ ಮನುಷ್ಯ. ಅವರು ಹುಟ್ಟಿದ್ದು 1837ರಲ್ಲಿ ಬೆಂಗಳೂರಿನಲ್ಲಿ. ಅಪ್ಪ ಬೆಂಜಮಿನ್ ರೈಸ್ ಲಂಡನ್ ಮಿಶನ್ನಿನವರು, ಸುಮಾರು ಐವತ್ತು ವರ್ಷ ಇಲ್ಲೇ ಸವೆಸಿದವರು. ಅಮ್ಮ ಜೇನ್ ಪೀಚ್ ರೈಸ್. ಆಕೆ ಮತ್ತು ಸೆವೆಲ್ ಎಂಬ ಇನ್ನೊಬ್ಬ ಮಿಶನರಿಯ ಹೆಂಡತಿ ಸೇರಿ 1840ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ದಶಕವೇ ಅದು. ಒಬ್ಬ ಮಗ ಶಾಸನಗಳ ಪಿತಾಮಹ, ಇನ್ನೊಬ್ಬ ಮಗ ಇ.ಪಿ. ರೈಸ್ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದವರು. ಈ ಇಬ್ಬರ ಕಿವಿಗೆ ಕನ್ನಡ ಮೊದಲು ಬಿದ್ದ ಮನೆ ಆಕೆ ನಡೆಸಿದ್ದು. ಹಳೆಯ ವರದಿಗಳನ್ನು ತೆರೆದು ನೋಡಿ, ಆಕೆ ‘ಶ್ರೀಮತಿ ರೈಸ್’. ಅದರ ಪಕ್ಕದವರು ‘ಶ್ರೀಮತಿ ಸೆವೆಲ್’. ಸಂಬಳ ಗಂಡನಿಗೆ, ಹೆಸರು ಗಂಡನದು, ನೇಮಕಾತಿ ಗಂಡನದು. ಕೆಲಸ ಇಬ್ಬರದು.

‘ಮಿಸ್ಟರ್ ಅಂಡ್ ಮಿಸೆಸ್’ ಎಂಬುದನ್ನು ಕನ್ನಡದಲ್ಲಿ ನಾವು ‘ಅವರು ಮತ್ತು ಅವರ ಶ್ರೀಮತಿ’ ಎಂದು ಚೆನ್ನಾಗಿಯೇ ತಂದುಕೊಂಡಿದ್ದೇವೆ. ಗೃಹಪ್ರವೇಶದ ಕಾರ್ಡಿಗೂ ಅದೇ, ಸಾಹಿತ್ಯ ಚರಿತ್ರೆಗೂ ಅದೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬರಲೇಬೇಕು. ಇವರೆಲ್ಲ ಬಂದದ್ದು ಮತಾಂತರಕ್ಕೆ. ನಮ್ಮ ದೇವರನ್ನು ಕಲ್ಲು ಎಂದರು, ನಮ್ಮ ಪೂಜೆಯನ್ನು ಅಂಧಕಾರ ಎಂದರು. ಬಿಳಿಯರ ರಾಜ್ಯದ ನೆರಳಿನಲ್ಲಿ ನಿಂತು ಹಾಗೆಂದರು. ಅವರ ಹೆಂಗಸರನ್ನು ಮಾತ್ರ ಮರುಕದಿಂದ ನೋಡಬೇಕೆ? ಇಲ್ಲ, ಮರುಕ ಬೇಡ. ನಾನು ಓದಿದ ಪತ್ರಗಳಲ್ಲಿ ಈ ಹೆಂಗಸರ ಸೊಕ್ಕೂ ಇದೆ, ನಮ್ಮ ಹೆಂಗಸರ ಕೊಳೆ, ಮೌಢ್ಯಗಳ ಬಗ್ಗೆ ಓದಲಾಗದಂಥ ಸಾಲುಗಳಿವೆ. ಅವನ್ನೂ ಓದಿಯೇ ಮಾತಾಡೋಣ. ತಪ್ಪು ಮಾಡುವಷ್ಟು ಅಸ್ತಿತ್ವವನ್ನಾದರೂ ಅವರಿಗೆ ಕೊಡೋಣ. ಕಿಟೆಲ್ಲರ ಸೊಕ್ಕನ್ನು ನಾವು ನಿಘಂಟಿನ ಹೊಣೆಯ ಜೊತೆ ತೂಗಿ ನೋಡುವುದಿಲ್ಲವೇ? ಹಾಗೆ.

ಈಗ ಗಾಡಿಯ ಹಿಂದೆ ಹೋಗುತ್ತೇನೆ.

ಆ ದಂಪತಿಗಳು ನಮ್ಮ ಮನೆಯಿಂದ ಮೂರನೆಯ ಮನೆಯವರು. ನಾವು ಅವರ ಮತದವರಲ್ಲ. ಅಣ್ಣ ಮೊದಲು ಎಸ್ಟೇಟಿನಲ್ಲಿ ಕೆಲಸಕ್ಕಿದ್ದವರು, ಕುಡಿತ ಬಿಟ್ಟದ್ದು ಪ್ರಾರ್ಥನೆಯಿಂದ ಎಂದು ಹೇಳುತ್ತಾರೆ. ಕುಡಿತ ಬಿಡಿಸಿದ್ದು ತಾನು ಎಂದು ಅಕ್ಕ ಹೇಳುತ್ತಾರೆ. ಇಬ್ಬರೂ ನಗುತ್ತಾರೆ. ಕಳೆದ ಎರಡು ವರ್ಷದಲ್ಲಿ ನಾನು ಹನ್ನೊಂದು ಭಾನುವಾರ ಅವರ ಹಿಂದೆ ತಮ್ಮನ ಬೈಕಿನಲ್ಲಿ ಹೋಗಿದ್ದೇನೆ. ಹೊರಡುವ ಮುಂಚೆ ಅಕ್ಕ ಮೊದಲು ನೋಡುವುದು ಫೋನಿನಲ್ಲಿ ಆನೆಯ ಸುದ್ದಿ. ಅರೇಹಳ್ಳಿ, ಬಿಕ್ಕೋಡು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ನಮ್ಮ ಕಡೆ ಕಾಫಿ ತೋಟದೊಳಗೇ ಆನೆ ಠಿಕಾಣಿ ಹೂಡುತ್ತದೆ. ಯಾವ ತೋಟದಲ್ಲಿ ಗುಂಪು ಇದೆ ಎಂದು ತಿಳಿಯದೆ ಹೊರಟರೆ ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಬರುತ್ತಾರೆ ಎಂಬ ಖಾತ್ರಿ ಇಲ್ಲ. ಅಣ್ಣನಿಗೆ ದೇವರ ಮೇಲೆ ಭಾರ ಹಾಕಿ ಹೊರಡುವ ಅಭ್ಯಾಸ. ಅಕ್ಕ ದೇವರ ಮೇಲೆ ಭಾರ ಹಾಕುವುದು ದಾರಿ ವಿಚಾರಿಸಿಕೊಂಡ ಮೇಲೆ.

ಲೈನ್ ಮನೆಯ ಅಂಗಳದಲ್ಲಿ ಅಣ್ಣ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಮಾತು ಅಷ್ಟೇನೂ ಚೆನ್ನಾಗಿರುವುದಿಲ್ಲ, ಅವರೂ ಅದನ್ನು ಒಪ್ಪುತ್ತಾರೆ. ಹಾಡು ಅಕ್ಕನದು. ದಮ್ಮಡಿ ಹಿಡಿದು ಶುರು ಮಾಡಿದರೆ ಪಕ್ಕದ ಲೈನಿನ ಮಕ್ಕಳೂ ಬರುತ್ತವೆ. ನಮ್ಮ ಕಡೆಯ ಸೋಬಾನೆಯ ಮಟ್ಟಿಗೆ ಅವರು ಯೇಸುವಿನ ಹಾಡು ಕೂಡಿಸಿದ್ದಾರೆ. ಅದನ್ನು ಯಾವ ಜಾನಪದ ಸಂಗ್ರಹಕಾರರೂ ಬರೆದುಕೊಂಡಿಲ್ಲ. ಸಭೆ ಮುಗಿದ ಮೇಲೆ ಗಂಡಸರು ಅಣ್ಣನ ಜೊತೆ ಹೊರಗೆ ನಿಂತು ಬಟವಾಡೆ, ಮಳೆ, ಮೇಸ್ತ್ರಿಯ ವಿಷಯ ಮಾತಾಡುತ್ತಾರೆ. ಅಕ್ಕ ಒಳಗೆ ಹೋಗುತ್ತಾರೆ. ಒಳಗೆ ಹೋದರೆ ಬರುವುದು ಒಂದು ಗಂಟೆ, ಒಂದೂವರೆ ಗಂಟೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹುಡುಗಿಗೆ ಐದು ತಿಂಗಳು, ಭಾಷೆ ಬರುವುದಿಲ್ಲ, ತಾಯಿ ಕಾರ್ಡು ಮಾಡಿಸಿಲ್ಲ. ಇನ್ನೊಂದು ಮನೆಯಲ್ಲಿ ಗಂಡ ಹೊಡೆದ ಗುರುತು. ಮತ್ತೊಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ. ಆ ಅಜ್ಜಿಗೆ ಅಣ್ಣ ತಲೆ ಮೇಲೆ ಕೈಯಿಟ್ಟು, ಕರ್ತನು ಗುಣಪಡಿಸಿದ್ದಾನೆ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರು ಹೊರಗೆ ಹೋದ ಮೇಲೆ ಅಕ್ಕ ಅಜ್ಜಿಯ ಸೆರಗಿನ ಗಂಟು ಬಿಚ್ಚಿಸಿ, ಮಾತ್ರೆಯ ಚೀಟಿ ತೆಗೆದು, ‘ಇದ್ನೂ ಬಿಡ್ಬೇಡ ಕಣಜ್ಜಿ, ಇದ್ನೂ ಅವ್ನೇ ಕೊಟ್ಟಿದ್ದು’ ಎಂದದ್ದನ್ನೂ ಕೇಳಿದ್ದೇನೆ.

ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎಂಬ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಅದು ಜೀವ ತೆಗೆಯಬಲ್ಲದು, ಆ ಅಣ್ಣನಿಗೂ ನಾನಿದನ್ನು ಮುಖದ ಮೇಲೆ ಹೇಳಿದ್ದೇನೆ. ಆದರೆ ಸುತ್ತಾಡುವ ಈ ಸೇವೆಯನ್ನು ಬೈಯಲಿ, ಹೊಗಳಲಿ, ಗಾಡಿಯ ಮುಂದಿನ ಸೀಟಿನ ಮಾತನ್ನಷ್ಟೇ ಕೇಳಿ ತೀರ್ಪು ಕೊಡುವವರು ಹಿಂದಿನ ಸೀಟಿನಲ್ಲಿ ನಡೆಯುವ ಕೆಲಸವನ್ನು ನೋಡಿಯೇ ಇಲ್ಲ. ಅಜ್ಜಿ ಇವತ್ತು ಬದುಕಿರುವುದು ಆ ಕೆಲಸದಿಂದ.

ತೀರ್ಪು ಕೊಡುವವರಿಗೇನೂ ಬರವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಶಾಸಕರು ವಿಧಾನಸಭೆಯಲ್ಲಿ ತಮ್ಮ ತಾಯಿಯೇ ಮತಾಂತರವಾಗಿದ್ದಾರೆ ಎಂದರು. ಒಬ್ಬ ಹೆಂಗಸು ಯಾಕೆ ಹೋದಳು, ಏನು ಬೇಕಿತ್ತು ಎಂದು ಆಕೆಯನ್ನು ಕೇಳುವ ಬದಲು ರಾಜ್ಯವೇ ಆಕೆಯ ಪರವಾಗಿ ಮಾತಾಡಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಬೇಲೂರಿನಲ್ಲೇ ಪ್ರಾರ್ಥನೆ ನಡೆಯುತ್ತಿದ್ದ ಕಡೆಗೆ ಬಜರಂಗದಳದವರು ನುಗ್ಗಿದರು. ಎದುರು ನಿಂತು ವಾದ ಮಾಡಿದ್ದು ಹೆಂಗಸರು. ಆ ವಿಡಿಯೊ ಎಲ್ಲರ ಫೋನಿಗೂ ಬಂತು. ಆ ವರ್ಷ ಜನವರಿಯಿಂದ ನವೆಂಬರಿನವರೆಗೆ ರಾಜ್ಯದಲ್ಲಿ ಇಂಥ 39 ಘಟನೆಗಳನ್ನು ಪಿಯುಸಿಎಲ್ ವರದಿ ದಾಖಲಿಸಿತು. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ.

ಆ ಕಾಯ್ದೆಯಲ್ಲಿ ‘ಆಮಿಷ’ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕು. ಉಡುಗೊರೆ ಆಮಿಷ, ಉಚಿತ ಶಿಕ್ಷಣ ಆಮಿಷ, ಒಳ್ಳೆಯ ಜೀವನದ ಮಾತು ಆಮಿಷ, ದೇವರ ಕೋಪದ ಮಾತೂ ಆಮಿಷ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಅಪ್ರಾಪ್ತರು, ಬುದ್ಧಿ ಸ್ತಿಮಿತ ಇಲ್ಲದವರನ್ನು ಕಾನೂನುಬಾಹಿರವಾಗಿ ಮತಾಂತರ ಮಾಡಿದರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ವಯಸ್ಸಿಗೆ ಬಂದ ಹೆಂಗಸು, ವಯಸ್ಸಿಗೆ ಬಂದ ದಲಿತ, ಮಗು, ಮತಿಭ್ರಮಣೆಯವರು ಎಲ್ಲ ಒಂದೇ ಸಾಲಿನಲ್ಲಿ. ತನ್ನ ಮನಸ್ಸು ತನಗೆ ಗೊತ್ತಿಲ್ಲದವರ ಸಾಲು ಅದು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಪ್ರಕಟಿಸಿತು. ಒಳ್ಳೆಯದೇ. ಆದರೆ ಸಂಪುಟದ ತೀರ್ಮಾನ ಎಸ್ಟೇಟಿನ ಗೇಟಿನವರೆಗೆ ಬರುವುದಿಲ್ಲ. ರೈಟರು ಈಗಲೂ ‘ಸಾಹುಕಾರ್ರು ಬೈತಾರೆ, ಒಳಗೆ ಬರ್ಬೇಡಿ’ ಎನ್ನುತ್ತಾರೆ.

ಇದು ನಡೆಯುತ್ತಿರುವುದು ಬೇಲೂರು ತಾಲ್ಲೂಕಿನಲ್ಲಿ ಎಂಬುದನ್ನು ಮರೆಯಬಾರದು. ಚೆನ್ನಕೇಶವ ದೇವಾಲಯದ ಮುಂದೆ ಗೈಡುಗಳು ದಿನಕ್ಕೆ ಹತ್ತು ಸಲ ಹೇಳುವ ಕಥೆ ಯಾವುದು? ಜೈನನಾಗಿದ್ದ ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಎಂಬ ಐತಿಹ್ಯ. 1117ರ ಆ ಗುಡಿಯ ಹಿಂದೆ ಜನ ನೆನಪಿಟ್ಟಿರುವುದು ಒಂದು ಮತಾಂತರದ ಕಥೆಯನ್ನು. ರಾಣಿ ಶಾಂತಲೆ? ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಗಂಡ ಒಂದು ದಾರಿ, ಹೆಂಡತಿ ಒಂದು ದಾರಿ, ಸಂಸಾರ ನಡೆದಿತ್ತು. ಒಬ್ಬ ಹೆಂಗಸಿಗೆ ತನ್ನದೇ ಆದ ಧರ್ಮದ ತೀರ್ಮಾನ ಇರಬಹುದು ಎಂದು ಹನ್ನೆರಡನೆಯ ಶತಮಾನದ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ನಾವು ಟಿಕೆಟ್ ಕೊಟ್ಟು ಶಿಲಾಬಾಲಿಕೆ ನೋಡಿ ಬರುತ್ತೇವೆ.

ಅದೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ, ವಾಪಸ್ಸು ಸುರಿದು ಬಾ ಎಂದವಳು. ಮೋಳಿಗೆಯ ಮಹಾದೇವಿ ಇದ್ದಳು, ಹಡಪದ ಲಿಂಗಮ್ಮ ಇದ್ದಳು. ದಂಪತಿಗಳಾಗಿ ಒಂದು ಹೊಸ ಮತದ ದಾರಿಗೆ ಬಿದ್ದವರನ್ನು ಓದುವುದು ಹೇಗೆ ಎಂದು ಕನ್ನಡಕ್ಕೆ ಗೊತ್ತಿದೆ. ಲಕ್ಕಮ್ಮನನ್ನು ನಾವು ‘ಮಾರಯ್ಯ ಮತ್ತು ಅವರ ಶ್ರೀಮತಿ’ ಎನ್ನುವುದಿಲ್ಲ, ಆಕೆಯ ವಚನ ಉಳಿದಿರುವುದರಿಂದ. ಮಿಶನರಿ ಹೆಂಗಸರ ಕಾಗದಗಳೂ ಉಳಿದಿವೆ. ತೆರೆಯುವವರು ಬೇಕು.

ಪ್ರಗತಿಪರ ಗೆಳೆಯರಿಗೂ ಒಂದು ಮಾತು. ಈ ದಂಪತಿಗಳ ಮೇಲೆ ದಾಳಿಯಾದಾಗ ನೀವು ಪ್ರತಿಭಟನೆಗೆ ಬರುತ್ತೀರಿ, ಹೇಳಿಕೆ ಕೊಡುತ್ತೀರಿ, ಆ ಋಣ ದೊಡ್ಡದು. ಆದರೆ ಏಟು ಬೀಳುವವರೆಗೆ ಅವರು ನಿಮಗೂ ಕಾಣುವುದಿಲ್ಲ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗ ಸುಟ್ಟರು. ಗ್ಲಾಡಿಸ್ ಸ್ಟೇನ್ಸ್ ನಮಗೆ ಗೊತ್ತಾದದ್ದು ಆ ಬೆಳಿಗ್ಗೆ, ‘ಕ್ಷಮಿಸಿದ ವಿಧವೆ’ಯಾಗಿ. ಅದಕ್ಕೂ ಮುಂಚೆ ಎಷ್ಟೋ ವರ್ಷ ಆಕೆ ಬಾರಿಪದಾದಲ್ಲಿ ಗಂಡನ ಜೊತೆ ಸಂಸಾರ ಮಾಡಿದ್ದರು, ಆಮೇಲೂ ಅಲ್ಲಿನ ಕುಷ್ಠರೋಗಿಗಳ ಜೊತೆ ಉಳಿದಿದ್ದರು. ಹೆಂಗಸು ಕಾಣಬೇಕಾದರೆ ಗಂಡ ಉರಿಯಬೇಕೆ?

ಸಭೆಯವರನ್ನು ಬಿಟ್ಟೇನೆಂದು ಯಾರೂ ತಿಳಿಯಬೇಡಿ. ಕಳೆದ ವರ್ಷ ಒಂದು ಸುವಾರ್ತೆ ಕೂಟದ ಪೋಸ್ಟರಿನಲ್ಲಿ ಅಣ್ಣನ ಫೋಟೊ, ಹೆಸರು, ಹೆಸರಿನ ಹಿಂದೆ ‘ದೇವರ ಸೇವಕರು’. ಪಕ್ಕದಲ್ಲಿ ಅಕ್ಕನ ಸಣ್ಣ ಫೋಟೊ, ಅದರ ಕೆಳಗೆ ‘ಮತ್ತು ಅವರ ಶ್ರೀಮತಿ’. ಎರಡು ದಿನದ ಆ ಕೂಟದಲ್ಲಿ ಅಕ್ಕ ಮುನ್ನೂರು ಜನಕ್ಕೆ ಅಡುಗೆ ನಿಂತು ಮಾಡಿಸಿದರು, ಹಾಡು ನಡೆಸಿದರು, ವೇದಿಕೆಯ ಮೇಲೆ ಒಂದು ಮಾತೂ ಆಡಲಿಲ್ಲ. ಯಾಕಕ್ಕ ಎಂದೆ. ‘ಸಭೆಯಲ್ಲಿ ಹೆಂಗಸು ಮಾತಾಡಬಾರ್ದು ಅಂತ ಪೌಲ ಬರ್ದವ್ನೆ ಮಗಾ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅವ್ನಿಗೆ ಮದ್ವೆ ಆಗಿರ್ಲಿಲ್ವಲ್ಲ’ ಎಂದರು.

ಅಕ್ಕನ ಬಳಿ ಒಂದು ಉದ್ದ ನೋಟ್‌ಬುಕ್ ಇದೆ. ಹದಿನಾಲ್ಕು ವರ್ಷದಿಂದ ಬರೆದದ್ದು. ಯಾವ ತಾರೀಖು, ಯಾವ ತೋಟ, ಯಾರ ಮನೆ, ಯಾರಿಗೆ ಏನು ಕಷ್ಟ, ಯಾವ ಹಾಡು ಹಾಡಿದೆವು, ಕಾಣಿಕೆ ಎಷ್ಟು ಬಂತು, ಪೆಟ್ರೋಲಿಗೆ ಎಷ್ಟು ಹೋಯಿತು. ಇದರ ಬಗ್ಗೆ ತಿಳಿದಾಗ ನನಗೆ ನಿದ್ದೆ ಬರಲಿಲ್ಲ. ಇನ್ನೂರು ವರ್ಷದ ಹಿಂದಿನ ಹೆಂಗಸರ ಕಾಗದಕ್ಕೆ ಯುರೋಪಿನ ಪತ್ರಾಗಾರಗಳಿಗೆ ಮಿಂಚಂಚೆ ಬರೆದು ಕಾಯುತ್ತಿರುವ ನನಗೆ, ಮೂರನೆಯ ಮನೆಯಲ್ಲಿ ಒಂದು ದಿನಚರಿ. ಎಸ್ಟೇಟಿನ ಲೈನುಗಳಲ್ಲಿ ಹುಟ್ಟಿದವರು, ಸತ್ತವರು, ಊರು ಬಿಟ್ಟವರು, ಅಸ್ಸಾಮಿನಿಂದ ಬಂದವರು, ಯಾವ ಸರ್ಕಾರಿ ಕಡತದಲ್ಲೂ ಇಲ್ಲದವರೆಲ್ಲ ಅದರಲ್ಲಿ ಇರಬೇಕು. ಜೆರಾಕ್ಸ್ ಮಾಡಿಸಿಕೊಳ್ಳಲೇ ಎಂದು ಕೇಳಿದೆ.

ಅಕ್ಕ ನೋಟ್‌ಬುಕ್ ತಂದು ಕೊಟ್ಟರು. ನಡುವೆ ದಪ್ಪಕ್ಕೆ ಹಾಳೆಗಳಿರಲಿಲ್ಲ, ಹೊಲಿಗೆಯ ದಾರ ಕಾಣುತ್ತಿತ್ತು. ಬೇಲೂರಿನ ಗಲಾಟೆಯಾದ ವಾರ ಹರಿದು ಒಲೆಗೆ ಹಾಕಿದರಂತೆ. ‘ಹೆಸ್ರು ಇದ್ವಲ್ಲ ಮಗಾ. ಪೊಲೀಸ್ರು ಬಂದು ತಗೊಂಡೋದ್ರೆ ಆ ಬಡವ್ರನ್ನೆಲ್ಲ ಠಾಣೆಗೆ ಕರೀತಾರೆ. ನಮ್ಗೇನಾದ್ರೂ ಆಗ್ಲಿ.’ ಆಮೇಲೂ ಅವರು ಬರೆಯುವುದನ್ನು ಬಿಟ್ಟಿಲ್ಲ. ಕೊನೆಯ ಪುಟಗಳನ್ನು ತಿರುವಿದೆ. ತಾರೀಖು ಇದೆ. ಮನೆಗಳ ಹೆಸರಿಲ್ಲ, ಜನರ ಹೆಸರಿಲ್ಲ, ಹಾಡಿನ ಹೆಸರೂ ಇಲ್ಲ. ತಾರೀಖಿನ ಮುಂದೆ ಪೆಟ್ರೋಲ್ 100, ಪೆಟ್ರೋಲ್ 100, ಪೆಟ್ರೋಲ್ 150, ಪಂಕ್ಚರ್ 80.